ಕಣ್ಣಿಗೆ ಕಾಣದ ಮೆಕ್ಕೆಜೋಳವನ್ನು ಅಡುಗೆಮನೆಯಿಂದ ಹೊರಗಿಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಜೋಳದ ರೊಟ್ಟಿಯನ್ನು ಸುಮ್ನೆ ಬಿಡಬೇಡಿ. ಡಾಕ್ಟರು "ಮಗುವಿಗೆ ಕಾರ್ನ್ ಅಲರ್ಜಿ ಇದೆ, ಕೊಡಬೇಡಿ" ಅಂದ ದಿನ ನಮ್ಮತ್ತೆ ಡಬ್ಬದಲ್ಲಿದ್ದ ಬಿಳಿಜೋಳದ ಹಿಟ್ಟನ್ನೆಲ್ಲ, ಮೂರು ಕೇಜಿ, ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ಪಾಪ, ಮೊಮ್ಮಗನ ಮೇಲಿನ ಕಾಳಜಿ. ಅದೇ ಸಂಜೆ ಅವನ ಸಮಾಧಾನಕ್ಕೆ ಅಂತ ಮಾಡಿಕೊಟ್ಟದ್ದು ಕಸ್ಟರ್ಡ್. ಕಸ್ಟರ್ಡ್ ಪುಡಿ ಅಂದರೆ ಬಣ್ಣ ಮತ್ತು ವೆನಿಲ್ಲಾ ವಾಸನೆ ಸೇರಿಸಿದ ಮೆಕ್ಕೆಜೋಳದ ಸ್ಟಾರ್ಚ್, ಅಷ್ಟೇ.

ಹಾಗಾಗಿ ಹೆಸರಿನ ಗಂಟನ್ನು ಮೊದಲು ಬಿಡಿಸೋಣ. ರೊಟ್ಟಿ ತಟ್ಟುವ ಬಿಳಿಜೋಳ ಬೇರೆ ಬೆಳೆ. ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನ ಜೋಳ, ಇವೆಲ್ಲ ಒಂದೇ ಕಾಳು, ಊರು ಬದಲಾದರೆ ಹೆಸರು ಬದಲು. ಅಂಗಡಿಯಲ್ಲಿ "ಕಾರ್ನ್ ಫ್ಲೋರ್" ಅಂದರೆ ಕೊಡುವ, ಬೆರಳ ನಡುವೆ ಒತ್ತಿದರೆ ಕಿರುಗುಟ್ಟುವ ಬಿಳಿ ಪುಡಿ ಆ ಕಾಳಿನ ಸ್ಟಾರ್ಚ್. "ಮಕ್ಕೀ ಆಟಾ" ಅಂತ ಹಳದಿಯಾಗಿ ಬರುವುದು ಇಡೀ ಕಾಳಿನ ಹಿಟ್ಟು. ಪ್ಯಾಕೆಟ್ ಮೇಲೆ ಬರೀ "ಜೋಳದ ಹಿಟ್ಟು" ಅಂತಿದ್ದರೆ ಮೂರರಲ್ಲಿ ಯಾವುದೂ ಇರಬಹುದು, ಹಿಂದೆ ತಿರುಗಿಸಿ ನೋಡಿ. ಬಿಳಿಜೋಳವೂ ಮೆಕ್ಕೆಜೋಳವೂ ಹತ್ತಿರದ ನೆಂಟರೇ, ಒಂದು ಆಗದವರಿಗೆ ಇನ್ನೊಂದೂ ಆಗದಿರುವುದು ಉಂಟು. ಅದನ್ನು ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ನಮ್ಮ ಹುಡುಗನಿಗೆ ರೊಟ್ಟಿ ಆರಾಮಾಗಿ ಆಗುತ್ತದೆ, ಮರುವಾರವೇ ಹೊಸ ಹಿಟ್ಟು ಬೀಸಿಸಿಕೊಂಡು ಬಂದೆವು.

ಮಗನಿಗೆ ಮೆಕ್ಕೆಜೋಳ ಆಗುವುದಿಲ್ಲ ಅಂತ ನಮಗೆ ಗೊತ್ತಾಗಿದ್ದು ಗೋಬಿ ಮಂಚೂರಿಯಿಂದ. ತಿಂದ ಅರ್ಧ ಗಂಟೆಗೆ ಮಗನ ಕತ್ತು, ಬೆನ್ನಿನ ಮೇಲೆಲ್ಲ ಗಂಧೆ ಎದ್ದವು. ಗೋಬಿಗೆ ಕೃತಕ ಬಣ್ಣ ಹಾಕುವ ಹಾಗಿಲ್ಲ ಅಂತ 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಹೇಳಿದ ಹೊಸತು, ನಾವೂ ಬಣ್ಣದ ಮೇಲೆ ಗೂಬೆ ಕೂರಿಸಿದೆವು. ಆಮೇಲೆ ಮನೆಯಲ್ಲೇ ಬಣ್ಣ ಇಲ್ಲದೆ ಮಾಡಿದೆ. ಮತ್ತೆ ಗಂಧೆ. ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ತಪ್ಪು ಬಣ್ಣದ್ದಲ್ಲ, ಗೋಬಿಗೆ ಕಲಸುವ ಕಾರ್ನ್ ಫ್ಲೋರಿನದು.

ಇದರಲ್ಲಿ ಒಂದು ತಮಾಷೆ ಇದೆ. ನನ್ನ ತವರು ದಾವಣಗೆರೆ ಕಡೆ. ಅಪ್ಪ ಬೆಳೆಯುವುದೇ ಮೆಕ್ಕೆಜೋಳ. ಫೋನಿನಲ್ಲಿ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲವ್ವಾ, ನಾವು ಬೆಳೆದಿದ್ದು ನಮ್ಮ ಹುಡುಗ್ಗೇ ಆಗಲ್ವಾ?" ಅಂದರು. ಏನು ಹೇಳಲಿ. ನಿಜ ಅಂದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಕಾಳಾಗಿ ತಿನ್ನುವುದೇ ಕಮ್ಮಿ. ಮಳೆಗಾಲದಲ್ಲಿ ಎರಡು ತೆನೆ ಸುಟ್ಟು ತಿಂದರೆ ಮುಗಿಯಿತು. ಮಿಕ್ಕಿದ್ದೆಲ್ಲ ಲಾರಿ ಹತ್ತಿ ಕೋಳಿ ಆಹಾರಕ್ಕೋ ಸ್ಟಾರ್ಚ್ ಫ್ಯಾಕ್ಟರಿಗೋ ಹೋಗುತ್ತದೆ. ಅಲ್ಲಿಂದ ಹೆಸರು ಬದಲಾಯಿಸಿಕೊಂಡು ನಮ್ಮ ಅಡುಗೆಮನೆಗೆ ವಾಪಸ್ ಬರುತ್ತದೆ.

ಹೇಗೆ ಬದಲಾಗುತ್ತದೆ ಅನ್ನುವುದು ಗೊತ್ತಿದ್ದರೆ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಫ್ಯಾಕ್ಟರಿಯಲ್ಲಿ ಕಾಳನ್ನು ಬಿಸಿನೀರಿನಲ್ಲಿ ಒಂದೂವರೆ ಎರಡು ದಿನ ನೆನೆಹಾಕಿ, ಅರೆದು, ಮೊಳಕೆ ಭಾಗ, ಸಿಪ್ಪೆ, ಪ್ರೋಟೀನು, ಸ್ಟಾರ್ಚು ಅಂತ ಬೇರೆ ಬೇರೆ ಮಾಡುತ್ತಾರೆ. ಮೊಳಕೆಯಿಂದ ಎಣ್ಣೆ. ಸ್ಟಾರ್ಚ್ ಒಣಗಿಸಿದರೆ ಕಾರ್ನ್ ಫ್ಲೋರ್. ಅದನ್ನೇ ಆಸಿಡ್ ಅಥವಾ ಎನ್‌ಜೈಮ್ ಹಾಕಿ ಸ್ವಲ್ಪ ಒಡೆದರೆ ಮಾಲ್ಟೋಡೆಕ್ಸ್‌ಟ್ರಿನ್, ಇನ್ನಷ್ಟು ಒಡೆದರೆ ಲಿಕ್ವಿಡ್ ಗ್ಲೂಕೋಸ್, ಪೂರ್ತಿ ಒಡೆದರೆ ಡೆಕ್ಸ್‌ಟ್ರೋಸ್. ಅಂದರೆ ಬೇಸಿಗೆಯಲ್ಲಿ ಮಕ್ಕಳಿಗೆ ಕಲಸಿ ಕೊಡುತ್ತೇವಲ್ಲ, ಆ ಗ್ಲೂಕೋಸ್ ಪುಡಿ. ಡೆಕ್ಸ್‌ಟ್ರೋಸ್‌ಗೆ ಹೈಡ್ರೋಜನ್ ಸೇರಿಸಿದರೆ ಸಾರ್ಬಿಟಾಲ್. ಈ ಸಿಹಿ ನೀರನ್ನೇ ಬೂಷ್ಟಿಗೋ ಬ್ಯಾಕ್ಟೀರಿಯಾಕ್ಕೋ ತಿನ್ನಿಸಿದರೆ ನಿಂಬೆ ಉಪ್ಪು, ಅಜಿನೊಮೊಟೊ, ಸಾಸು ಗಟ್ಟಿ ಮಾಡುವ ಝಾಂಥನ್ ಗಮ್. ಕಬ್ಬಿನ ಕಾಕಂಬಿಯಿಂದಲೋ ಮರಗೆಣಸಿನಿಂದಲೋ ಇವನ್ನೆಲ್ಲ ಮಾಡಬಹುದು, ಮಾಡುತ್ತಾರೆ ಕೂಡ. ಆದರೆ ಯಾವುದರಿಂದ ಮಾಡಿದ್ದು ಅಂತ ಪ್ಯಾಕೆಟ್ ಮೇಲೆ ಬರೆದಿರುವುದು ಅಪರೂಪ. ತೊಂದರೆ ಇರುವುದೇ ಅಲ್ಲಿ.

ಈ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ಮನೆಯಿಂದ ಮನೆಗೆ ಬೇರೆ. ಅಲರ್ಜಿ ಕೆರಳಿಸುವುದು ಸಾಮಾನ್ಯವಾಗಿ ಕಾಳಿನ ಪ್ರೋಟೀನು, ಅದರಲ್ಲಿ ಕೆಲವು ಬೇಯಿಸಿದರೂ ಹೋಗುವುದಿಲ್ಲ. ಕಾರ್ನ್ ಫ್ಲೋರ್‌ನಲ್ಲಿ ಅದು ಚೂರು ಉಳಿದಿರುತ್ತದೆ, ಡೆಕ್ಸ್‌ಟ್ರೋಸ್, ನಿಂಬೆ ಉಪ್ಪಿನ ತನಕ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಇರುವುದೇ ಇಲ್ಲ. ತುಂಬ ಜನರಿಗೆ ಕೊನೆಯ ಸಾಲಿನ ಪದಾರ್ಥಗಳಿಂದ ಏನೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ನಿಮ್ಮದು ಯಾವುದು ಅಂತ ಅಲರ್ಜಿ ನೋಡುವ ಡಾಕ್ಟರೇ ಹೇಳಬೇಕು. ಉಸಿರು ಕಟ್ಟಿದ್ದು, ತುಟಿ ನಾಲಿಗೆ ಊದಿದ್ದು ಒಮ್ಮೆಯಾದರೂ ಆಗಿದ್ದರೆ "ಸ್ವಲ್ಪ ತಿಂದು ನೋಡೋಣ" ಅನ್ನುವ ಪ್ರಯೋಗ ಮನೆಯಲ್ಲಿ ಮಾಡಲೇಬೇಡಿ. ಅಲರ್ಜಿ ಏನೂ ಇಲ್ಲದೆ, ಪ್ಯಾಕೆಟ್ ತಿಂಡಿ ಕಮ್ಮಿ ಮಾಡಬೇಕು ಅಂತ ಓದುತ್ತಿರುವವರು ಮೊದಲ ಎರಡು ಹೆಜ್ಜೆ ಮಾಡಿದರೆ ಸಾಕು. ಮೆಕ್ಕೆಜೋಳ ವಿಷ ಅಲ್ಲ, ನಮ್ಮಪ್ಪನ ಬೆಳೆ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ.

ಮೊದಲ ಹೆಜ್ಜೆ: ಓದಲು ಹೋಗಬೇಡಿ. ಹೌದು. ಎಲ್ಲರೂ ಲೇಬಲ್ ಓದುವುದರಿಂದ ಶುರು ಮಾಡುತ್ತಾರೆ, ಎರಡೇ ದಿನಕ್ಕೆ ಸುಸ್ತಾಗಿ ಬಿಡುತ್ತಾರೆ. ನಾನೂ ಹಾಗೇ ಮಾಡಿದೆ, ಒಂದು ಬಿಸ್ಕೆಟ್ ಪ್ಯಾಕೆಟ್ ಹಿಡಿದುಕೊಂಡು ಅಂಗಡಿಯಲ್ಲಿ ಹತ್ತು ನಿಮಿಷ ನಿಂತಿದ್ದೆ, ಹಿಂದೆ ಬಿಲ್ಲಿಗೆ ಕ್ಯೂ. ಅದರ ಬದಲು ಒಂದು ಭಾನುವಾರ ಕಪಾಟು ಖಾಲಿ ಮಾಡಿ, ಎರಡು ರಾಶಿ ಮಾಡಿ. ಅಕ್ಕಿ, ಬೇಳೆ, ರಾಗಿ, ಗೋಧಿ, ರವೆ, ಅವಲಕ್ಕಿ, ಬೆಲ್ಲ, ಸಕ್ಕರೆ, ಎಣ್ಣೆ, ಹುಣಸೆಹಣ್ಣು, ಒಣಮೆಣಸಿನಕಾಯಿ, ಕಾಳುಗಳು ಒಂದು ಕಡೆ. ಎರಡಕ್ಕಿಂತ ಹೆಚ್ಚು ಪದಾರ್ಥ ಬರೆದಿರುವ ಪ್ಯಾಕೆಟ್ಟುಗಳೆಲ್ಲ ಇನ್ನೊಂದು ಕಡೆ. ಎರಡನೇ ರಾಶಿಯನ್ನು ಒಂದು ತಿಂಗಳು ಮುಟ್ಟಬೇಡಿ. ನಮ್ಮ ಮನೆಯಲ್ಲಿ ಆ ರಾಶಿಯಲ್ಲಿ ಏನೇನಿತ್ತು ಗೊತ್ತಾ: ಸೂಪ್ ಪುಡಿ, ನೂಡಲ್ಸ್, ಟೊಮೆಟೊ ಸಾಸ್, ಜಾಮ್, ಕಸ್ಟರ್ಡ್, ಬೇಕಿಂಗ್ ಪೌಡರ್, ಜಾಮೂನ್ ಮಿಕ್ಸ್, ಬಾದಾಮ್ ಹಾಲಿನ ಪುಡಿ, ಖಾರದ ಕುರುಕಲು, ಕ್ರೀಮ್ ಬಿಸ್ಕೆಟ್. ಎಲ್ಲದರಲ್ಲೂ ಮೆಕ್ಕೆಜೋಳ ಇತ್ತು ಅಂತಲ್ಲ. ಇತ್ತೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳುವ ಕೆಲಸ ಒಂದೇ ಏಟಿಗೆ ಮುಗಿಯಿತು. ಒಗ್ಗರಣೆ ಅವಲಕ್ಕಿ, ಉಪ್ಪಿಟ್ಟು, ಖಾರ ಮಂಡಕ್ಕಿ, ಬೆಣ್ಣೆ ದೋಸೆ, ಇವ್ಯಾವುದಕ್ಕೂ ಅದು ಬೇಡವೇ ಬೇಡ. ನಮ್ಮ ಹಳೆಯ ಅಡುಗೆಯಲ್ಲಿ ಈ ಸ್ಟಾರ್ಚಿಗೆ ಜಾಗವೇ ಇಲ್ಲ, ಸಾರು ಗಟ್ಟಿಯಾಗಬೇಕಾದರೆ ಬೇಳೆ ಜಾಸ್ತಿ ಹಾಕುತ್ತೇವೆ ಅಥವಾ ಕಾಯಿ ರುಬ್ಬುತ್ತೇವೆ.

ಎರಡನೇ ಹೆಜ್ಜೆಗೆ ಬರುವಷ್ಟರಲ್ಲಿ ಓದಬೇಕಾದ ಪ್ಯಾಕೆಟ್ ಆರೇಳು ಮಾತ್ರ ಉಳಿದಿರುತ್ತವೆ. ಆಗ ಓದಿ. ಪದಾರ್ಥಗಳನ್ನು ತೂಕದ ಪ್ರಕಾರ ಇಳಿಕೆಯಲ್ಲಿ ಬರೆಯಬೇಕು ಅಂತ ನಿಯಮ, ಹಾಗಾಗಿ ಮೊದಲ ನಾಲ್ಕರಲ್ಲಿ ಕಂಡರೆ ಜಾಸ್ತಿ ಇದೆ ಅಂತಲೇ ಅರ್ಥ. "ಅಲರ್ಜಿ ಮಾಹಿತಿ" ಅಂತ ದಪ್ಪ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಗೋಧಿಯಂಥ ಗ್ಲೂಟನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿ, ಶೇಂಗಾ, ಗೋಡಂಬಿ-ಬಾದಾಮಿ, ಸೋಯಾ, ಸಲ್ಫೈಟ್ ಇಷ್ಟಕ್ಕೆ ಎಚ್ಚರಿಕೆ ಕೊಡಬೇಕು. ಮೆಕ್ಕೆಜೋಳ ಆ ಪಟ್ಟಿಯಲ್ಲಿ ಇಲ್ಲ. ಲೇಬಲ್ ಇರುವುದು ಇಂಗ್ಲಿಷಿನಲ್ಲಿ, ನಮ್ಮತ್ತೆಗೆ ಓದಲು ಬರುವುದಿಲ್ಲ, ಅಕ್ಷರವೋ ಇರುವೆ ಸಾಲು. ಅದಕ್ಕೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು ಕಲಿಸಿದೆ, ಹುಡುಕಬೇಕಾದ ಪದಗಳನ್ನು ಇಂಗ್ಲಿಷಿನಲ್ಲೂ ಪಕ್ಕದಲ್ಲೇ ಕನ್ನಡದಲ್ಲೂ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಅದರ ಕನ್ನಡ ಭಾಗ ಹೀಗಿದೆ:

ಮುಟ್ಟಲೇಬಾರದ್ದು: ಕಾರ್ನ್ ಅಥವಾ ಮೇಝ್ ಅಂತ ಶುರುವಾಗುವ ಯಾವುದೇ ಪದ. ಎಡಿಬಲ್ ಸ್ಟಾರ್ಚ್. ಮಾಡಿಫೈಡ್ ಸ್ಟಾರ್ಚ್. ಐಎನ್‌ಎಸ್ (ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟಿರುವ ನಂಬರು) ಪಕ್ಕದಲ್ಲಿ 14ರಿಂದ ಶುರುವಾಗುವ ನಾಲ್ಕಂಕಿ ನಂಬರು (1412, 1414, 1422, 1442).

ಡಾಕ್ಟರು ಬೇಡ ಅಂದರೆ ಮಾತ್ರ ಬಿಡಬೇಕಾದ್ದು: ಮಾಲ್ಟೋಡೆಕ್ಸ್‌ಟ್ರಿನ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಸಾರ್ಬಿಟಾಲ್ (420).

ನಮ್ಮ ಹುಡುಗನಿಗೆ ಒಗ್ಗುತ್ತದೆ, ಇದ್ದರೂ ತಿನ್ನಬಹುದು: 330, 415, ಇನ್ವರ್ಟ್ ಸಿರಪ್.

330 ಅಂದರೆ ನಿಂಬೆ ಉಪ್ಪು, 415 ಝಾಂಥನ್ ಗಮ್. ಇನ್ವರ್ಟ್ ಸಿರಪ್ ಸಾಮಾನ್ಯವಾಗಿ ಸಕ್ಕರೆಯಿಂದ ಮಾಡುವುದು. ಮೂರನೇ ಸಾಲು ನಿಮ್ಮ ಮನೆಯಲ್ಲಿ ಬೇರೆ ಇರಬಹುದು, ನನ್ನದನ್ನು ನಕಲು ಹೊಡೆಯಬೇಡಿ. ಸೋಮನಾಥಪುರದ ದೇವಸ್ಥಾನದ ವಿಗ್ರಹಗಳ ಕೈಯಲ್ಲಿ ಇರುವುದು ಮೆಕ್ಕೆಜೋಳದ ತೆನೆಯೋ ಅಲ್ಲವೋ ಅಂತ ಪಂಡಿತರು ವಾದ ಮಾಡಿದ್ದುಂಟು. ಕಲ್ಲಿನಲ್ಲೇ ಹುಡುಕುವುದು ಸುಲಭ ಅನ್ನಿಸಿಬಿಡುತ್ತದೆ ಒಂದೊಂದು ಸಲ.

ಒಳ್ಳೆಯದು ಅಂತ ಜಾಹೀರಾತು ಹಾಕಿಕೊಂಡು ಬರುವ ಪ್ಯಾಕೆಟ್ಟುಗಳ ಹತ್ತಿರ ಇನ್ನೂ ಹುಷಾರಾಗಿರಿ. "ಮಲ್ಟಿಗ್ರೇನ್" ಗೋಧಿ ಹಿಟ್ಟಿನಲ್ಲಿ ಆ ಹಲವು ಧಾನ್ಯಗಳಲ್ಲಿ ಒಂದು ಮೆಕ್ಕೆಜೋಳ ಇರುವುದು ಮಾಮೂಲು. "ಗ್ಲೂಟನ್ ಫ್ರೀ" ಬ್ರೆಡ್ಡು, ಪಾಸ್ತಾದಲ್ಲಿ ಗೋಧಿ ತೆಗೆದ ಜಾಗಕ್ಕೆ ಬಂದು ಕೂರುವುದು ಬಹಳ ಸಲ ಕಾರ್ನ್ ಸ್ಟಾರ್ಚೇ. "ಶುಗರ್ ಫ್ರೀ" ಅಂದರೆ ಸಾರ್ಬಿಟಾಲ್ ಅಥವಾ ಮಾಲ್ಟಿಟಾಲ್ ಇರಬಹುದು, ಕಾಫಿಗೆ ಹಾಕುವ ಸಿಹಿ ಪುಡಿಯ ಪುಟ್ಟ ಪ್ಯಾಕೆಟ್ಟಿನಲ್ಲಿ ತೂಕಕ್ಕೆ ತುಂಬುವುದು ಡೆಕ್ಸ್‌ಟ್ರೋಸೋ ಮಾಲ್ಟೋಡೆಕ್ಸ್‌ಟ್ರಿನ್ನೋ. ಕಡಲೆಕಾಯಿ ಚಿಕ್ಕಿ ಬರೀ ಬೆಲ್ಲ ಅಂದುಕೊಂಡಿದ್ದೆ, ಒಂದರಲ್ಲಿ ಬೆಲ್ಲಕ್ಕಿಂತ ಮೊದಲು ಲಿಕ್ವಿಡ್ ಗ್ಲೂಕೋಸ್ ಬರೆದಿತ್ತು! ಸ್ವೀಟ್ ಅಂಗಡಿಯಲ್ಲಿ ಮಿರಮಿರ ಮಿಂಚುವ ಬಾಂಬೆ ಹಲ್ವಾ ಪೂರ್ತಿ ಕಾರ್ನ್ ಫ್ಲೋರ್. ಮೈಸೂರು ಪಾಕು, ಧಾರವಾಡ ಪೇಡ, ಕಾಶಿ ಹಲ್ವಾ ಇವಕ್ಕೆ ಅದರ ಹಂಗಿಲ್ಲ. ಚೂಡಾ ಮಿಕ್ಸ್‌ಚರ್‌ನಲ್ಲಿ ಹಳದಿ ಅವಲಕ್ಕಿಯ ಥರ ದಪ್ಪ ಹಾಳೆ ಕಂಡರೆ ಅದು ಮೆಕ್ಕೆಜೋಳದ್ದು.

ಬೇಕಿಂಗ್ ಪೌಡರ್ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್‌ಫ್ರೆಡ್ ಬರ್ಡ್ ಅಂತ ಒಬ್ಬ ಔಷಧಿ ಅಂಗಡಿಯವನಿದ್ದ. ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಅದಕ್ಕೆ 1837ರಲ್ಲಿ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ. ಅವಳಿಗೆ ಈಸ್ಟ್ ಕೂಡ ಆಗುತ್ತಿರಲಿಲ್ಲ, ಅದಕ್ಕೆ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಒಬ್ಬಳ ಅಲರ್ಜಿಗೆ ಅಂತ ಹುಟ್ಟಿದ ಎರಡೂ ಡಬ್ಬ ಇವತ್ತು ನನ್ನ ಮಗನ ಅಲರ್ಜಿಯ ಪಟ್ಟಿಯಲ್ಲಿ ಕೂತಿವೆ. ಪುಡಿ ಗಂಟು ಕಟ್ಟದಿರಲಿ ಅಂತ ಬೇಕಿಂಗ್ ಪೌಡರ್‌ಗೆ ಸಾಮಾನ್ಯವಾಗಿ ಕಾರ್ನ್ ಸ್ಟಾರ್ಚ್ ಸೇರಿಸುತ್ತಾರೆ. ಅಡಿಗೆ ಸೋಡಾದಲ್ಲಿ ಅದಿಲ್ಲ. ಹಾಗಾಗಿ ಒಂದು ಚಮಚ ಬೇಕಿಂಗ್ ಪೌಡರ್ ಬೇಕಾದ ಕಡೆ ಕಾಲು ಚಮಚ ಸೋಡಾ, ಅರ್ಧ ಕಪ್ ಹುಳಿ ಮೊಸರು ಹಾಕಿ, ಹಾಲು ನೀರನ್ನು ಅಷ್ಟೇ ಕಮ್ಮಿ ಮಾಡಿ. ಐಸಿಂಗ್ ಶುಗರ್‌ಗೂ ಸ್ಟಾರ್ಚ್ ಬೆರೆಸುವುದುಂಟು, ಮನೆಯ ಸಕ್ಕರೆಯನ್ನೇ ಮಿಕ್ಸಿಗೆ ಹಾಕಿ.

ಈಗ ಗೋಬಿ, ಯಾಕೆಂದರೆ ಮನೆಯಲ್ಲಿ ಗಲಾಟೆ ಆಗುವುದು ಅದಕ್ಕೇ. ಸಾಧಾರಣ ಗಾತ್ರದ ಒಂದು ಹೂಕೋಸು ಬಿಡಿಸಿ, ಉಪ್ಪು ಅರಿಸಿನದ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಸೋಸಿ ಬಟ್ಟೆಯ ಮೇಲೆ ಹರಡಿ. ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಹಿಟ್ಟು ಜಾರಿ ಎಣ್ಣೆಗೆ ಬೀಳುತ್ತದೆ. ಅರ್ಧ ಕಪ್ ಮೈದಾ, ಅರ್ಧ ಕಪ್ ನುಣ್ಣನೆಯ ಅಕ್ಕಿ ಹಿಟ್ಟು, ಶುಂಠಿ-ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ, ಉಪ್ಪು. ಬ್ಯಾಡಗಿ ಹಾಕಿದರೆ ಬಣ್ಣಕ್ಕೆ ಬೇರೇನೂ ಬೇಡ. ದೋಸೆ ಹಿಟ್ಟಿಗಿಂತ ಚೂರು ಗಟ್ಟಿಯಾಗಿ ಕಲಸಿ, ಮೊದಲು ಹದವಾದ ಉರಿಯಲ್ಲಿ ಕರಿದು ತೆಗೆದು, ಆರಿದ ಮೇಲೆ ಜೋರು ಉರಿಯಲ್ಲಿ ಇನ್ನೊಮ್ಮೆ ಕರಿಯಿರಿ. ಎರಡು ಸಲ ಕರಿದರೆ ಮಾತ್ರ ಆ ಗರಿಗರಿ ಬರುತ್ತದೆ. ಸಾಸು ಗಟ್ಟಿ ಮಾಡಲು ಒಂದು ಚಮಚ ಅಕ್ಕಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಮೂರು ನಾಲ್ಕು ನಿಮಿಷ ಕುದಿಸಿ, ಇಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತದೆ. ಅಂಗಡಿಯ ಗೋಬಿಯ ಹಾಗೆ ಗಾಜಿನ ಹೊಳಪು ಬರುವುದಿಲ್ಲ, ಮಂಕಾಗಿ ಕಾಣುತ್ತದೆ. ರುಚಿಗೇನೂ ಮೋಸ ಇಲ್ಲ. ಹೊಳಪೇ ಬೇಕು ಅಂದರೆ ಮರಗೆಣಸಿನ ಸ್ಟಾರ್ಚ್ ಅಥವಾ ಆಲೂಗಡ್ಡೆ ಸ್ಟಾರ್ಚ್. ಆರಾರೂಟ್ ಕೇಳಿದರೆ ಮಾತ್ರ ಎಚ್ಚರ, ಆ ಹೆಸರಿನಲ್ಲಿ ಎಷ್ಟೋ ಅಂಗಡಿಯವರು ಕಾರ್ನ್ ಫ್ಲೋರನ್ನೇ ಕಟ್ಟಿಕೊಡುತ್ತಾರೆ. ಸೋಯಾ ಸಾಸು, ಚಿಲ್ಲಿ ಸಾಸಿನ ಲೇಬಲ್ಲೂ ನೋಡಿ.

ಬಿಡಿಯಾಗಿ ಸಿಗುವ ಪನೀರು, ಖೋವಾದಲ್ಲಿ ಹಿಟ್ಟು ಬೆರೆಸಿದ್ದಾರಾ ಅಂತ ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. ಸಣ್ಣ ಚೂರನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಆರಿಸಿ, ಮೆಡಿಕಲ್ ಶಾಪಿನ ಟಿಂಕ್ಚರ್ ಅಯೋಡಿನ್ ಎರಡು ಹನಿ ಹಾಕಿ. ನೀಲಿ ಬಂದರೆ ಸ್ಟಾರ್ಚ್ ಇದೆ. ಯಾವ ಸ್ಟಾರ್ಚ್ ಅಂತ ಇದು ಹೇಳುವುದಿಲ್ಲ, ಆದರೆ ಪನೀರಿನಲ್ಲಿ ಯಾವ ಸ್ಟಾರ್ಚಿಗೂ ಕೆಲಸ ಇಲ್ಲ ಅಲ್ವಾ. ನಾನು ಮೊದಲ ಸಲ ಹಾಕಿದಾಗ ಬಟ್ಟಲು ಇಂಕ್ ಬಾಟಲಿಯ ಹಾಗೆ ಆಯಿತು. ಪರೀಕ್ಷೆ ಮಾಡಿದ ಚೂರನ್ನು ಚೆಲ್ಲಿ.

ಹಿಟ್ಟಿನ ಗಿರಣಿಯನ್ನು ಮರೆಯಬೇಡಿ. ನಿಮಗಿಂತ ಮುಂಚೆ ಯಾರಾದರೂ ಮೆಕ್ಕೆಜೋಳ ಬೀಸಿಸಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದದ್ದು ನಿಮ್ಮ ಹಿಟ್ಟಿಗೆ ಬರುತ್ತದೆ. "ಅಣ್ಣಾ, ಇದಕ್ಕೆ ಮುಂಚೆ ಏನು ಬೀಸಿದ್ರಿ?" ಅಂತ ಕೇಳಿ, ಅಕ್ಕಿ ಅಥವಾ ರಾಗಿ ಬೀಸಿದ ಮೇಲೆ ನಿಮ್ಮದನ್ನು ಹಾಕಿಸಿ. ಕಡಲೆ ಹಿಟ್ಟನ್ನು ಬಿಡಿಯಾಗಿ ತರುವ ಬದಲು ಬೇಳೆ ಕೊಟ್ಟು ಬೀಸಿಸಿಕೊಳ್ಳಿ, ಅಗ್ಗದ ಹಿಟ್ಟು ಬೆರೆಯುವ ಭಯ ಇರುವುದಿಲ್ಲ.

ಹೋಟೆಲಿನಲ್ಲಿ "ಮೆಕ್ಕೆಜೋಳ ಹಾಕಿದ್ದೀರಾ?" ಅಂತ ಕೇಳಿದರೆ "ಇಲ್ಲ ಮೇಡಂ" ಅಂತಲೇ ಉತ್ತರ, ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಣ್ಣ ಮುಂದೆ ಇರುವುದು ತೆನೆ. "ಕಾರ್ನ್ ಫ್ಲೋರ್ ಹಾಕ್ತೀರಾ, ಅದೇ ಎಣ್ಣೆಯಲ್ಲಿ ಗೋಬಿ ಕರೀತೀರಾ?" ಅಂತ ಕೇಳಿ. ಸಪ್ಲೈಯರ್ ಅನುಮಾನದಿಂದ ತಲೆ ಆಡಿಸಿದರೆ ಒಳಗೆ ಕೇಳಿಕೊಂಡು ಬರಲು ಹೇಳಿ, ನಾಚಿಕೆ ಬೇಡ. ಚೈನೀಸ್, ಪನೀರ್ ಗ್ರೇವಿ, ಸೂಪು, ಐಸ್‌ಕ್ರೀಮು, ಫಲೂದ ನಾವು ಹೊರಗೆ ತಿನ್ನುವುದಿಲ್ಲ. ಇಡ್ಲಿ, ದೋಸೆ, ಅನ್ನ-ಸಾರು ಇರುವವರೆಗೆ ಉಪವಾಸ ಬೀಳುವ ಪ್ರಸಂಗ ಇನ್ನೂ ಬಂದಿಲ್ಲ.

ಮಾತ್ರೆಗಳ ವಿಷಯ. ಮಾತ್ರೆಯನ್ನು ಹಿಡಿದಿಡಲು ಮೆಕ್ಕೆಜೋಳದ ಸ್ಟಾರ್ಚ್ ಬಳಸುವುದು ಮಾಮೂಲು, ಸಿರಪ್‌ನಲ್ಲಿ ಸಾರ್ಬಿಟಾಲ್, ಓಆರ್‌ಎಸ್‌ನಲ್ಲಿ ಡೆಕ್ಸ್‌ಟ್ರೋಸ್. ಇದನ್ನು ಓದಿ ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರು ಚೀಟಿ ಬರೆಯುವ ಮೊದಲೇ ಹೇಳಿ, ಬದಲಿ ಇದ್ದರೆ ಅವರೇ ಬರೆದುಕೊಡುತ್ತಾರೆ. ಒಮ್ಮೆ ನಾನು ಹೇಳಲು ಮರೆತು, ರಾತ್ರಿ ಹತ್ತಕ್ಕೆ ಮೆಡಿಕಲ್ ಶಾಪಿನವರ ತಲೆ ತಿಂದಿದ್ದೇನೆ.

ಹೊರದೇಶದಲ್ಲಿ ಇರುವವರಿಗೆ ಕೆಲಸ ಜಾಸ್ತಿ. ಇಲ್ಲಿನ ಕೋಲಾಗಳಿಗೆ ಸಕ್ಕರೆ ಹಾಕುತ್ತಾರೆ, ಅಮೆರಿಕದಲ್ಲಿ ದೊಡ್ಡ ಕಂಪನಿಗಳು 1980ರ ದಶಕದಲ್ಲೇ ಕಾರ್ನ್ ಸಿರಪ್‌ಗೆ ಬದಲಾದವು. ಹೋದ ವರ್ಷ ಏಪ್ರಿಲ್ ರಜೆಯಲ್ಲಿ ನ್ಯೂಜೆರ್ಸಿಯ ತಂಗಿ ಮನೆಗೆ ಹೋದಾಗ ಅಂಗಡಿಯಲ್ಲಿ ಹಳದಿ ಮುಚ್ಚಳದ ಕೋಕ್ ಕಂಡಿತು. ಯಹೂದಿಗಳ ಪಾಸೋವರ್ ಹಬ್ಬಕ್ಕೆ ಅಂತ ಬರುವುದು, ಹಬ್ಬದ ದಿನಗಳಲ್ಲಿ ಅವರಲ್ಲಿ ಹಲವರು ಮೆಕ್ಕೆಜೋಳ ಮುಟ್ಟುವುದಿಲ್ಲ, ಹಾಗಾಗಿ ಅದಕ್ಕೆ ಸಕ್ಕರೆ. ಮಗ ಒಂದು ಲೋಟ ಪೂರ್ತಿ ಕುಡಿದ, ಅದೇನು ಖುಷಿ. ಅಲ್ಲಿ ತುರಿದು ಮಾರುವ ಚೀಸಿಗೆ ಅಂಟದಿರಲಿ ಅಂತ ಸ್ಟಾರ್ಚ್ ಉದುರಿಸಿರುತ್ತಾರೆ, ಗಡ್ಡೆ ತಂದು ಮನೆಯಲ್ಲೇ ತುರಿದರೆ ಆಯಿತು. ಅಯೋಡಿನ್ ಉಪ್ಪಿಗೂ ಡೆಕ್ಸ್‌ಟ್ರೋಸ್ ಸೇರಿಸುತ್ತಾರೆ, ಅಲ್ಲಿ ಹಾಕುವ ಅಯೊಡೈಡ್ ಕೆಡದಿರಲು. ನಮ್ಮಲ್ಲಿ ಹಾಕುವುದು ಅಯೊಡೇಟ್, ಅದಕ್ಕೆ ಅದರ ಅಗತ್ಯ ಇಲ್ಲ. ಇದು ಗೊತ್ತಾದ ಮೇಲೆ ನಮ್ಮತ್ತೆ ಕೇಳುತ್ತಾರಾ. ಅಲ್ಲೇ ಡೆಕ್ಸ್‌ಟ್ರೋಸ್ ಇಲ್ಲದ ಸಮುದ್ರದ ಉಪ್ಪು ಸಿಗುತ್ತದೆ ಅಂತ ಎಷ್ಟು ಹೇಳಿದರೂ, ಚಟ್ನಿಪುಡಿ, ಹಪ್ಪಳದ ನಡುವೆ ಒಂದು ಕೇಜಿ ಉಪ್ಪು ತುರುಕಿಯೇ ಸೂಟ್‌ಕೇಸ್ ಬೀಗ ಹಾಕಿಸಿದರು.